ಪೂರ್ವದ ಗೋಡೆಯ ಮಾನಿಟರ್

ಪರದೆ ಮತ್ತೆ ಕಪ್ಪಾಯಿತು. ಒಂದು ಕ್ಷಣ ಅಷ್ಟೇ. ಚಿತ್ರ ಬಂತು, ಮತ್ತೆ ಹೋಯಿತು. ನನಗೆ ತಲೆ ಕೆಟ್ಟುಹೋಯಿತು. ಗರಿಯಾಹಾಟಿನ ಸೀರೆ ಅಂಗಡಿಯ ಬಂಗಾಳಿ ಯಜಮಾನಿ, ನಾನು ಎಡಿಟ್ ಮಾಡಿದ ಪೂಜೋ ಹಬ್ಬದ ಜಾಹೀರಾತನ್ನು ನೋಡಲು ಕಸ್ಬಾದ ನಮ್ಮ ಫ್ಲ್ಯಾಟಿಗೆ ಹೊರಟಿದ್ದರು. ಅವರಿಗೆ ಹಿಡಿಸಿದರೆ ಇಡೀ ವರ್ಷದ ಕೆಲಸ ನನ್ನದು. ಇಲ್ಲವಾದರೆ ಸಾಲ್ಟ್ ಲೇಕಿನ ದೊಡ್ಡ ಸ್ಟುಡಿಯೋ ಬಾಯಿ ತೆರೆದು ಕಾಯುತ್ತಿತ್ತು. ಅವರಿಗೆ ತೋರಿಸಲೆಂದೇ ಹೊಸ 4ಕೆ ಮಾನಿಟರ್ ತಂದಿದ್ದೆ.

ರೆಸಲ್ಯೂಶನ್ ಇಳಿಸಿದರೆ ಚಿತ್ರ ಗಟ್ಟಿಯಾಗಿ ನಿಲ್ಲುತ್ತಿತ್ತು. ಆದರೆ ಜರಿಯ ಎಳೆಗಳು ಕಲಸಿಹೋಗುತ್ತಿದ್ದವು. ಆಕೆ ನೋಡುವುದೇ ಜರಿಯನ್ನು. ದೋಷ ಕೇಬಲ್ಲಿನದು. ಪೂರ್ವಕ್ಕೆ ಮುಖ ಮಾಡಿಯೇ ಕೆಲಸಕ್ಕೆ ಕೂರಬೇಕೆಂದು ಅತ್ತೆ ಮಾನಿಟರನ್ನು ಪೂರ್ವದ ಗೋಡೆಗೆ ಸ್ಕ್ರೂ ಹಾಕಿಸಿದ್ದರು. ಅದರ ಪಕ್ಕದಲ್ಲೇ ಅವರು ಉಡುಪಿಯಿಂದ ತಂದ ದೇವರ ಮಂಟಪ. ದೇವರ ಹತ್ತಿರ ಧೂಳು ಹಿಡಿದ ಡಬ್ಬ ಬೇಡವೆಂದು ಕಂಪ್ಯೂಟರ್ ಎದುರು ಗೋಡೆಗೆ ಹೋಯಿತು. ನಡುವೆ, ಬಾಗಿಲ ಮೇಲಿಂದ ಕೋಣೆ ಸುತ್ತಿ ಬಂದ ಉದ್ದನೆಯ ಕೇಬಲ್. ಹಳೆಯ ಮಾನಿಟರಿಗೆ ಅದು ಸಾಕಾಗಿತ್ತು. ಹೊಸದಕ್ಕೆ ನಾಲ್ಕು ಪಟ್ಟು ಚುಕ್ಕೆಗಳನ್ನು ಹೊತ್ತು ತರಬೇಕು, ಅಷ್ಟು ದೂರ ಅಷ್ಟನ್ನು ಸಾಗಿಸುವ ತಾಕತ್ತು ಅದಕ್ಕಿರಲಿಲ್ಲ. ಮಾನಿಟರಿನ ಜೊತೆ ಬಂದ ಗಿಡ್ಡ ಕೇಬಲ್ ತಾಳುತ್ತದೆ, ಆದರೆ ಅದು ಎಟಕುವುದು ಮಂಟಪವಿದ್ದ ಜಾಗಕ್ಕೆ ಮಾತ್ರ.

"ಬಾಲಿಗಂಜ್ ಸ್ಟೇಷನ್ ದಾಟಿದೆ," ಎಂದು ಯಜಮಾನಿಯ ಫೋನ್ ಬಂತು.

ಕಂಪ್ಯೂಟರನ್ನು ಅವಚಿಕೊಂಡು ಮಂಟಪದ ಮುಂದೆ ನಿಂತೆ. ಅತ್ತೆ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದರು. ಸ್ನಾನ ಮಾಡಿ ಮಡಿ ಉಡದೆ ಮಂಟಪಕ್ಕೆ ಬೆರಳು ತಾಗಿಸಿದವರಲ್ಲ, ನನಗೂ ತಾಗಿಸಗೊಟ್ಟವರಲ್ಲ.

"ಇಲ್ಲಿ ಇಡದಿದ್ರೆ ಚಿತ್ರ ನಿಲ್ಲೂದಿಲ್ಲ ಅತ್ತೆ. ಅವರು ಬಂದೇ ಬಿಟ್ರು."

"ಕೆಲಸ ಹೋಗ್ತದಾ?"

"ಹೋಗ್ತದೆ."

ನಾನು ಜಗಳಕ್ಕೆ ಸಿದ್ಧಳಾಗಿಯೇ ನಿಂತಿದ್ದೆ. ಕೆಳಗೆ ಕಾರು ನಿಂತ ಸದ್ದಾಯಿತು. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ, ಬಗ್ಗಿ, ಮಂಟಪವನ್ನು ಎರಡೂ ಕೈಗಳಿಂದ ಎತ್ತಿ ಎದೆಗವಚಿಕೊಂಡರು.

"ನೋಡ್ತಾ ಎಂತ ನಿಂತದ್ದು? ಇಡು ಅದನ್ನು," ಎಂದು ಅಡುಗೆಮನೆಗೆ ನಡೆದರು.

ಬೆಲ್ ಆಗುವಷ್ಟರಲ್ಲಿ ಗಿಡ್ಡ ಕೇಬಲ್ ಸಿಕ್ಕಿಸಿದ್ದೆ. ಚಿತ್ರ ಒಮ್ಮೆಯೂ ಅಲುಗಲಿಲ್ಲ. ಯಜಮಾನಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಜರಿ ನೋಡಿದರು, ಇನ್ನೊಮ್ಮೆ ಹಾಕಿಸಿದರು. ಮುಂದಿನವನ್ನೂ ನೀವೇ ಮಾಡಿ ಎಂದು ಹಿಂದಿಯಲ್ಲಿ ಹೇಳಿದರು.

ಚಹಾದ ನೆಪದಲ್ಲಿ ಸುದ್ದಿ ಹೇಳಲು ಅಡುಗೆಮನೆಗೆ ಓಡಿದೆ. ಅತ್ತೆ ಗ್ರೈಂಡರಿನ ಪಕ್ಕ ಇಟ್ಟಿದ್ದ ಮಂಟಪಕ್ಕೆ ಕೈ ಮುಗಿದು ನಿಂತಿದ್ದರು.

"ಸಿಟ್ಟು ಮಾಡ್ಬೇಡ ಮಾರಾಯ. ಹುಡುಗಿದ್ದು ಕೆಲಸ ಅಲ್ವಾ."

ಅವರು ತಿರುಗುವವರೆಗೂ ಬಾಗಿಲಲ್ಲೇ ನಿಂತೆ.