ಜೇಡಿ ಭಾವ

ನಮ್ಮ ಭಾವನವರ ನಾಲಿಗೆಯ ತುದಿಯಲ್ಲಿ ಯಾವಾಗಲೂ ಒಂದಿಷ್ಟು ಪುಡಿ ಹತ್ತಿಕೊಂಡಿರುತ್ತಿತ್ತು. ಮಣ್ಣು ಕಂಡಲ್ಲಿ ಚಿಟಿಕೆ ತೆಗೆದು ನಾಲಿಗೆಗೆ ಒತ್ತುವುದು, ಕಣ್ಣು ಮುಚ್ಚಿ ಮುಂದಿನ ಹಲ್ಲಿನಲ್ಲಿ ನುರಿಸುವುದು, ಆಮೇಲೆ ಪಕ್ಕಕ್ಕೆ ತಿರುಗಿ ಉಗಿಯುವುದು. ಕರಕರ ಅಂದರೆ ಮರಳಿದೆ ಅಂತ. ನುಣ್ಣಗೆ ಜಾರಿ ನಾಲಿಗೆಗೆ ಕಚ್ಚಿಕೊಂಡರೆ ಒಳ್ಳೆಯದು ಅಂತ. ಈ ಪರೀಕ್ಷೆಯನ್ನು ಅವರು ಬತ್ತೇರಿ ಬಸ್ ನಿಲ್ದಾಣದ ಪಕ್ಕ, ಯಾರೋ ಪಾಯ ತೋಡಿದ ಗುಂಡಿಯ ಮುಂದೆ ನಿಂತು, ನನ್ನ ಕಾಲೇಜಿನ ಗೆಳತಿಯರು ನೋಡುತ್ತಿರುವಾಗಲೇ ಮಾಡುತ್ತಿದ್ದರು. ನಾನು ಅವರ ನಾದಿನಿಯೇ ಅಲ್ಲ ಎಂಬಂತೆ ದೂರ ಸರಿದು ನಿಲ್ಲುತ್ತಿದ್ದೆ.

ಅವರು ಮೈಸೂರು ಕಡೆಯ ಒಂದು ಪಿಂಗಾಣಿ ಕಾರ್ಖಾನೆಯಲ್ಲಿ ಮಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದವರು. ಕಾರ್ಖಾನೆ ಮುಚ್ಚಿತು. ನಾಲ್ಕು ದಿನ ಇದ್ದು ಹೋಗೋಣವೆಂದು ಅಕ್ಕನ ಜೊತೆ ಕಲ್ಲೂರಿನ ನಮ್ಮ ಮನೆಗೆ ಬಂದವರು ಉಳಿದೇಬಿಟ್ಟರು. ತಾತನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಗಡಿ ದಾಟಿ ಈ ಮಲಯಾಳದ ಗುಡ್ಡಗಳಿಗೆ ಬಂದು ನೆಲೆಸಿದವರು ನಾವು. ಮಲಯಾಳ ಕಲಿತೆವು, ಹಾಲಿಲ್ಲದ ಕಟ್ಟಂಕಾಪಿ ಕುಡಿಯುವುದು ಕಲಿತೆವು, ಆದರೆ 'ಮನೆ ಅಳಿಯ' ಎಂಬುದು ನಮ್ಮಲ್ಲಿ ಇನ್ನೂ ಬೈಗುಳವೇ. ಕರಿಮೆಣಸಿನ ವ್ಯಾಪಾರಿಯಾದ ಅಪ್ಪ ಎದುರಿಗೆ ಏನೂ ಅನ್ನುತ್ತಿರಲಿಲ್ಲ. "ಅಳಿಯಂದ್ರು ಉಂಡ್ರಾ?" ಎಂದು ಹಜಾರದಿಂದ ಗಟ್ಟಿಯಾಗಿ ಅಮ್ಮನನ್ನು ಕೇಳುತ್ತಿದ್ದರು, ಅಷ್ಟೆ. ಭಾವ ಎರಡನೇ ಸಲ ಅನ್ನ ಹಾಕಿಸಿಕೊಂಡದ್ದನ್ನು ನಾನು ನೋಡಿದ್ದೇ ಇಲ್ಲ.

ಈ ಗುಡ್ಡಗಳಲ್ಲಿ ಬಿಳಿ ಮಣ್ಣು ಇದ್ದೇ ಇರಬೇಕೆಂದು ಅವರ ನಂಬಿಕೆ. "ಪಿಂಗಾಣಿಗೆ ಬೇಕಾದ ಬೆಣಚುಕಲ್ಲು ದಾರೀಲೇ ಬಿದ್ದೈತೆ ಕಣಮ್ಮಿ. ಇನ್ನೊಂದು ಕಲ್ಲಿನ ಪುಡಿ ಸ್ನೇಹಿತ ಕೊಡ್ತಾನೆ. ಬಿಳಿ ಮಣ್ಣೊಂದು ಸಿಕ್ಬುಟ್ರೆ ಈ ನೆಲದ್ದೇ ಪಿಂಗಾಣಿ ಕಪ್ ಮಾಡಿ ನಿಮ್ಮಪ್ಪನ ಕೈಗೆ ಕೊಡ್ತೀನಿ. ಆಮೇಲೆ ನಾನೂ ಹಜಾರದಲ್ಲಿ ಕೂತ್ಕೋಬೋದು" ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ತಂದ ಮಣ್ಣನ್ನು ಅಮ್ಮನ ಕೊಳಗದಲ್ಲಿ ನೆನೆಹಾಕಿ, ಅವಳ ಹಳೆಯ ಸೀರೆಯಲ್ಲಿ ಸೋಸಿ, ತಳದಲ್ಲಿ ನಿಂತ ಗಸಿಯಿಂದ ಬಿಲ್ಲೆ ತಟ್ಟಿ, ಮೆಣಸು ಒಣಗುವ ಚಾಪೆಯ ಮೂಲೆಯಲ್ಲಿ ಇಡುವರು. ಅಪ್ಪ ಕಾಲಿನಿಂದ ಬಿಲ್ಲೆಗಳನ್ನು ಆಚೆ ಸರಿಸುವರು. ನಂಜನಗೂಡಿನ ಹತ್ತಿರ ಆ ಸ್ನೇಹಿತನ ಸಣ್ಣ ಭಟ್ಟಿಯಿತ್ತು. ಹೋಗುವಾಗ ಬೂದಿ ಬಣ್ಣವಿದ್ದ ಬಿಲ್ಲೆ ಸುಟ್ಟು ಬರುವಾಗ ಇಟ್ಟಿಗೆಯ ಬಣ್ಣವಾಗಿರುತ್ತಿತ್ತು. "ಕಬ್ಬಿಣ ಐತೆ ಇದ್ರಲ್ಲಿ" ಎನ್ನುವರು, ಅದನ್ನು ತಾವೇ ಬೆರೆಸಿದವರ ಹಾಗೆ ತಲೆ ತಗ್ಗಿಸಿ.

ಮಲಯಾಳ ಬಾರದ ಅವರಿಗೆ ಭಾನುವಾರಗಳಲ್ಲಿ ನಾನೇ ಬಾಯಿ. ಅಪ್ಪನಿಗೆ ಮೆಣಸು ಕೊಡುವ ತೋಟಗಳನ್ನೆಲ್ಲ ಸುತ್ತಿದೆವು. ಪುಲ್ಪಳ್ಳಿಯಲ್ಲಿ ಒಬ್ಬ ಅಮ್ಮಚ್ಚಿ ಇದ್ದರು. ಆ ಕ್ರೈಸ್ತ ಮನೆಗಳಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ಮಣ್ಣಿನ ಮಾತು ತೆಗೆದ ಕೂಡಲೇ ಅವರು, "ಚೇಡಿಯಾಣೋ? ಅದು ಕುನ್ನಿಲ್ ಉಂಡಲ್ಲೋ" ಅಂದರು. ಗುಡ್ಡದಲ್ಲಿ ಇದೆಯಲ್ಲ, ಅಂತ. ನಾನು ಬಾಯಿ ತೆರೆಯುವ ಮೊದಲೇ ಭಾವ ಕೈಯಾಡಿಸಿಬಿಟ್ಟರು. "ಜೇಡಿಯಾ? ಜೇಡಿ ಯಾವ ಗದ್ದೇಲಿಲ್ಲ ಹೇಳು. ಬ್ಯಾಡ ಅಂತ ಹೇಳಮ್ಮಿ." ಮಲಯಾಳದಲ್ಲಿ ಅವರಿಗೆ ತಿಳಿದ ಮಾತು ಅದೊಂದೇ, ಪಾಪ, ಆ ಸಂಭ್ರಮವೂ ಇತ್ತು. ಬೇಡ ಎಂದು ಹೇಳಿದೆ. ನನಗೂ ಅದು ಎರಡು ಬಾಯಿಯಲ್ಲಿ ಹೊರಳುವ ಒಂದೇ ಮಾತಾಗಿತ್ತು. ಆಮೇಲೆ ಎರಡು ವರ್ಷ ನಾವು ಹೋದಾಗಲೆಲ್ಲ ಅಮ್ಮಚ್ಚಿ ಚೇಡಿ ಎಂದರು, ಭಾವ ಬೇಡ ಎಂದರು.

ಒಂದು ಡಿಸೆಂಬರಿನಲ್ಲಿ ಹೋದಾಗ ಅಮ್ಮಚ್ಚಿ ಕ್ರಿಸ್ಮಸ್ಸಿಗೆಂದು ಜಗಲಿಯ ಗೋಡೆಗೆ ಬಳಿಯುತ್ತಿದ್ದರು. ಬಕೆಟ್ಟಿನಲ್ಲಿದ್ದದ್ದು ಹಿಟ್ಟಿನಷ್ಟು ಬೆಳ್ಳಗಿತ್ತು. ಸುಣ್ಣವೇ ಎಂದು ನಾನು ಕೇಳಿದೆ.

"ಚೇಡಿಯಾ ಮೋಳೆ. ಞಾನ್ ಅನ್ನೇ ಪರಞ್ಞದಲ್ಲೇ?"

ಚೇಡಿ ಮಗಳೇ, ಅಂದೇ ಹೇಳಿದ್ದೆನಲ್ಲ, ಎಂದು ಅರ್ಥ ಹೇಳುವ ಅಗತ್ಯ ಬೀಳಲಿಲ್ಲ. ಭಾವ ಬೆರಳದ್ದಿ ನಾಲಿಗೆಗಿಟ್ಟುಕೊಂಡರು. ನಮ್ಮ ಜೇಡಿ ಗದ್ದೆಯ ಅಂಟುಮಣ್ಣು. ಅವರ ಚೇಡಿ ಗುಡ್ಡದ ಬಿಳಿ ಮಣ್ಣು. ಭಾವ ಮೆಟ್ಟಿಲ ಮೇಲೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಮ್ಮಚ್ಚಿ ಗಾಬರಿಯಾಗಿ ಕಾಪಿ ತಂದರು. "ಎರಡು ವರ್ಷ ಆ ತಾಯಿ ಕೈಲಿ ಹಿಡ್ಕೊಂಡು ಕೊಡ್ತಾವ್ಳೆ, ನಾನು ಏನೂ ತಿಳೀದೋಳು ಅನ್ಕೊಂಡು ಬ್ಯಾಡ ಅಂದೆ. ಈಗ ಯಾವ ಮಖ ತಕ್ಕೊಂಡು ಕೇಳ್ಲಿ?" ಕೊನೆಗೆ ಆ ಮಣ್ಣು ಕೇಳಿದ್ದು ನಾನೇ.

ಅಂದು ಊಟಕ್ಕೆ ಕೂತಾಗ ಇದನ್ನು ಎಲ್ಲರೆದುರು ಹೇಳಿದೆ. ತಮಾಷೆ ಎಂದೇ ಹೇಳಿದೆ. ಅಪ್ಪ ಕೆಮ್ಮು ಬರುವಷ್ಟು ನಕ್ಕರು. ಮಾರನೆಯ ದಿನದಿಂದ ಭಾವ ಅಪ್ಪನಿಗೆ ಜೇಡಿ ಅಳಿಯ. ನಮಗೆಲ್ಲ ಜೇಡಿ ಭಾವ. ಮೆಣಸು ತೂಗಿಸಲು ಬಂದವರಿಗೆಲ್ಲ ಅಪ್ಪ ಕಥೆ ಹೇಳುವರು, ಮಧ್ಯೆ "ಅಲ್ವೇನ್ರೀ ಅಳಿಯಂದ್ರೆ?" ಎಂದು ಕೂಗುವರು. ಒಳಗಿನಿಂದ "ಹೂಂ ಮಾವ" ಎಂಬ ಉತ್ತರ ಬರುತ್ತಿತ್ತು. ಅವರೂ ನಗುತ್ತಾರಲ್ಲ ಎಂದು ನಾವು ನಿಶ್ಚಿಂತೆಯಾಗಿದ್ದೆವು. ನಗದೆ ಆ ಮನೆಯಲ್ಲಿ ಅವರು ಇನ್ನೇನು ಮಾಡಬೇಕಿತ್ತೋ.

ಆಮೇಲೆ ಕೊಳಗದಲ್ಲಿ ಮಣ್ಣು ನೆನೆಯಲಿಲ್ಲ, ಚಾಪೆಯ ಮೇಲೆ ಬಿಲ್ಲೆ ಕಾಣಲಿಲ್ಲ. ಭಾನುವಾರ ಅವರು ಒಬ್ಬರೇ ಪುಲ್ಪಳ್ಳಿ ಬಸ್ಸು ಹತ್ತುವರು. ಮಣ್ಣಿನ ಹುಚ್ಚು ಬಿಟ್ಟಿತು ಎಂದರು ಅಮ್ಮ. ನನ್ನನ್ನು ಕರೆಯಲಿಲ್ಲವಲ್ಲ ಎಂದು ನಾನೂ ಬೇಸರಪಡಲಿಲ್ಲ. ಪೀಡೆ ತಪ್ಪಿತು ಎಂದುಕೊಂಡೆ. ಹೀಗೆ ಕೆಲವು ವರ್ಷ ಕಳೆದವು. ಹೋದ ವರ್ಷ ಎದೆನೋವೆಂದು ಬತ್ತೇರಿ ಆಸ್ಪತ್ರೆಗೆ ಹೋದ ಭಾವನವರನ್ನು ಬಿಳಿ ಬಟ್ಟೆ ಸುತ್ತಿ ಹೊತ್ತು ತಂದರು.

ಮೂರನೆಯ ದಿನ ಅಮ್ಮಚ್ಚಿ ಮೊಮ್ಮಗನ ಜೀಪಿನಲ್ಲಿ ಬಂದರು. ಅಕ್ಕನನ್ನು ತಬ್ಬಿಕೊಂಡು ಅತ್ತು, ತೋರ್ತು ಟವೆಲಿನಲ್ಲಿ ಸುತ್ತಿದ್ದ ಒಂದು ಕಪ್ ತೆಗೆದು ಅವಳ ಮಡಿಲಲ್ಲಿಟ್ಟರು. ಹಾಲುಕೆನೆಯ ಬಣ್ಣ, ಬಾಯಿ ಒಂದು ಕಡೆ ತುಸು ಸೊಟ್ಟ. ತಮ್ಮ ಗುಡ್ಡದ ಚೇಡಿಯಿಂದ ಭಾವನೇ ಮಾಡಿದ್ದೆಂದೂ, ಬಂದಾಗಲೆಲ್ಲ ಇದರಲ್ಲೇ ಕಾಪಿ ಕುಡಿದು ತಾವೇ ತೊಳೆದಿಟ್ಟು ಹೋಗುತ್ತಿದ್ದರೆಂದೂ ಹೇಳಿದರು. ತಮ್ಮದೇ ಕಪ್ಪಿನಲ್ಲಿ ಕುಡಿಯಲು ಅವರು ಬಸ್ಸು ಹತ್ತಿ ಇನ್ನೊಬ್ಬರ ಮನೆಗೆ ಹೋಗುತ್ತಿದ್ದರು.

ಅಪ್ಪ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. "ಇಂಥದ್ದು ಮಾಡಿದ್ರು ಅಂತ ನಮಗ್ಯಾಕೆ ಹೇಳ್ಲಿಲ್ಲ?" ಎಂದರು.

"ತರ್ತೀನಿ ಅಂದ್ರು. ನಾನೇ ಬ್ಯಾಡ ಅಂದೆ" ಅಂದಳು ಅಕ್ಕ. "ಸೊಟ್ಟಗದೆ ಅಂತ ಅದಕ್ಕೂ ನೀವು ನಗ್ತಿದ್ರಿ."

ಅಕ್ಕ ಅಪ್ಪನ ಕೈಯಿಂದ ಕಪ್ ತೆಗೆದುಕೊಂಡು ತೋರ್ತಿನಲ್ಲಿ ಮತ್ತೆ ಸುತ್ತಿ, "ಇದು ನಿಮ್ಮಲ್ಲೇ ಇರಲಿ ಅಮ್ಮಚ್ಚಿ" ಎಂದು ಮಲಯಾಳದಲ್ಲಿ ಹೇಳಿ ಹಿಂದಕ್ಕೆ ಕೊಟ್ಟಳು. ಅದು ಈಗಲೂ ಪುಲ್ಪಳ್ಳಿಯಲ್ಲೇ ಇದೆ. ಹೋಗಿ ಕೇಳುವ ಮುಖ ಅಪ್ಪನಿಗಿಲ್ಲ, ನನಗೂ ಇಲ್ಲ.