ಕೊಬ್ಬರಿ ಕೇಳಿಸದ ವರ್ಷ

ಯಗಟಿಯ ಕಡೆ ನಾವು ತೆಂಗಿನಕಾಯಿಯನ್ನು ಹಸಿಯಾಗಿ ಮಾರುವುದು ಕಡಿಮೆ. ಕಿತ್ತ ಕಾಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಟ್ಟುಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಬೇಕಾದರೆ ಸಿಪ್ಪೆ ಸುಲಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಡಲೊಡ ಎಂದರೆ ಒಡೆಯಬಹುದು. ಸದ್ದಿಲ್ಲದ್ದನ್ನು ಆತುರಪಟ್ಟು ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಚೂರಾಗುತ್ತದೆ, ಯಾರೂ ಕೊಳ್ಳುವುದಿಲ್ಲ. ನಮ್ಮ ಮನೆಯಲ್ಲಿ ಈ ಕೆಲಸ ಅತ್ತೆಯದು ಮತ್ತು ನನ್ನದು. ಮದುವೆಯಾಗಿ ಬಂದ ವರ್ಷವೇ ಅವರು ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕಲಿಸಿದ್ದರು. ನನ್ನ ಬಲಗಿವಿಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಆ ವರ್ಷ ನಾನು ಎತ್ತಿದ ಕಾಯಿಗಳೆಲ್ಲ ಮೂಕವಾಗಿದ್ದವು. ಒಂದೊಂದನ್ನೇ ‘ಆಗಿಲ್ಲ’ದ ಗುಡ್ಡೆಗೆ ಹಾಕುತ್ತಾ ಹೋದೆ. ಅತ್ತೆ ನೋಡುವಷ್ಟು ನೋಡಿ ಗದರಿದರು.

“ಏನೇ, ಒಳ್ಳೊಳ್ಳೆ ಕಾಯೆಲ್ಲ ಅತ್ಲಾಗೆ ಹಾಕ್ತಿದೀಯ? ನಿನ್ ಗ್ಯಾನ ಎಲ್ಲೈತೆ?”

“ಸದ್ದೇ ಇಲ್ಲ ಕಣತ್ತೆ.”

“ಸದ್ದಿಲ್ವಾ? ಹಿಂಗೆ ಲೊಡ್ ಲೊಡ್ ಅಂತೈತೆ!”

ನಮ್ಮತ್ತೆ ಮೊದಲಿನಿಂದಲೂ ಗಂಟಲು ಜೋರಿನವರು. ನಾನೂ ಸೋಲಲಿಲ್ಲ. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ಅತ್ತೆ ಸಿಟ್ಟಿನಿಂದ ನನ್ನ ಗುಡ್ಡೆಯಿಂದಲೇ ಒಂದನ್ನು ತೆಗೆದು ಒಡೆದರು. ಒಳಗಿನಿಂದ ದುಂಡನೆಯ ಕೊಬ್ಬರಿ ಉರುಳಿತು. ನಾನು ನಂಬದೆ ಇನ್ನೊಂದನ್ನು ಎತ್ತಿಕೊಂಡೆ. ಬಲಗೈ ಸೋತಿತ್ತೆಂದು ಎಡಗೈಗೆ ಬದಲಾಯಿಸಿ ಎಡಗಿವಿಗೆ ಹಿಡಿದೆ. ಲೊಡಲೊಡ. ಮತ್ತೆ ಬಲಕ್ಕೆ ತಂದೆ. ಏನೂ ಇಲ್ಲ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಫೋನ್ ಸರಿಯಾಗಿ ಕೇಳಿಸುತ್ತಿಲ್ಲ, ಟವರ್ ಇಲ್ಲ, ಸೆಟ್ ಕೆಟ್ಟಿದೆ ಎಂದು ಯಜಮಾನರ ಜೀವ ತಿಂದಿದ್ದೆ.

ಕಡೂರಿನ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಗುಗ್ಗೆ ತೆಗೆದು, ಹನಿ ಬರೆದುಕೊಟ್ಟರು. ಗುಣ ಕಾಣದಿದ್ದಾಗ ಶಿವಮೊಗ್ಗಕ್ಕೆ ಹೋಗಿ ತಲೆ ಸ್ಕ್ಯಾನ್ ಮಾಡಿಸಿ ಎಂದರು. ಕಿವಿಗೂ ತಲೆಗೂ ಏನು ಸಂಬಂಧ ಎಂದು ನಾನು ಗೊಣಗಿಕೊಂಡೇ ಹೋದೆ. ಅಲ್ಲಿನ ಡಾಕ್ಟರು ಕಂಪ್ಯೂಟರಿನಲ್ಲಿ ನೆಲ್ಲಿಕಾಯಿಯಷ್ಟು ದಪ್ಪದ ಬಿಳಿ ಮಚ್ಚೆ ತೋರಿಸಿದರು.

“ಕ್ಯಾನ್ಸರ್ ಥರ ಕಾಣ್ತಿಲ್ಲಮ್ಮ. ಕಿವಿ ನರದ ಮೇಲೆ ಬೆಳೆದಿರೋ ಗಡ್ಡೆ. ಆದ್ರೆ ಮಿದುಳನ್ನ ಒತ್ತುತಾ ಇದೆ, ತೆಗೀಲೇಬೇಕು. ತೆಗೆದ್ರೆ ಆ ಕಿವಿ ಪೂರ್ತಿ ಹೋಗುತ್ತೆ. ಮುಖದ ನರಾನೂ ಪಕ್ಕದಲ್ಲೇ ಇದೆ, ಬಾಯಿ ಸೊಟ್ಟ ಆಗಬಹುದು.”

“ಒಂದೇ ಕಿವೀಲಿ ಕೊಬ್ಬರಿ ಕೇಳಿಸ್ತದಾ ಸಾರ್?” ಎಂದೆ.

ಅವರು ಯಜಮಾನರ ಮುಖ ನೋಡಿದರು. “ಮೊದಲು ಜೀವ ನೋಡೋಣಮ್ಮ” ಎಂದರು. ನನಗೆ ಸಿಟ್ಟು ಬಂತು. ಸಾಯುವ ಭಯ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಅದರ ಜೊತೆಗೇ ಇನ್ನೊಂದು ಭಯವೂ ಇತ್ತು. ಬದುಕಿ ಬಂದು, ಇವಳ ಕೈಲಿ ಏನೂ ಆಗುವುದಿಲ್ಲ ಎಂದು ಎಲ್ಲರೂ ಬದಿಗೆ ಕೂರಿಸಿಬಿಟ್ಟರೆ?

ವಾಪಸು ಬರುವಾಗ ತರೀಕೆರೆಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಯಜಮಾನರು ಕಿಟಕಿಯಿಂದ ಉಪ್ಪುಖಾರ ಹಚ್ಚಿದ ಸೌತೆಕಾಯಿ ಕೊಂಡು ಏನೋ ಕೇಳಿದರು. ಅವರು ನನ್ನ ಬಲಕ್ಕೆ ಕೂತಿದ್ದರು, ನನಗೆ ಗೊತ್ತೇ ಆಗಲಿಲ್ಲ. ಆಮೇಲೆ ಸ್ಕ್ಯಾನ್ ಕವರನ್ನು ಕಂಕುಳಲ್ಲಿಟ್ಟುಕೊಂಡು ಎದ್ದು, ನನ್ನನ್ನು ಕಿಟಕಿಯ ಕಡೆ ಸರಿಸಿ, ಎಡಕ್ಕೆ ಬಂದು ಕೂತರು.

ಊರಿನಲ್ಲಿ ಕಿವಿ ಆಪರೇಷನ್ ಎಂದಷ್ಟೇ ಹೇಳೋಣ ಎಂದುಕೊಂಡಿದ್ದೆವು. ಆದರೆ ಅತ್ತೆಯ ಗಂಟಲಿನಲ್ಲಿ ಗುಟ್ಟು ನಿಲ್ಲುವುದಿಲ್ಲ. ಬಾಳೆಹಣ್ಣು ಹಿಡಿದು ಜನ ಬರತೊಡಗಿದರು. ಅಜ್ಜಂಪುರದ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು, ತಲೆಯಲ್ಲಿ ಗಡ್ಡೆಯಾಗಿ ಸತ್ತವರೊಬ್ಬರ ಕಥೆಯನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದಳು. ಮಠದಿಂದ ವಿಭೂತಿ ಬಂತು, ಹಚ್ಚಿಕೊಂಡೆ. ಹೊರಡುವ ದಿನ ಅತ್ತೆಗೆ, “ನಾನು ಬರೋದು ತಡ ಆದ್ರೆ ಅಟ್ಟದ ಕಾಯಿ ನೀವೇ ನೋಡಿ ಒಡೆಸ್ಬಿಡಿ” ಎಂದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಆಪರೇಷನ್ ಬೆಂಗಳೂರಿನಲ್ಲಾಯಿತು. ಅದರ ಬಗ್ಗೆ ಹೇಳಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ, ಮಲಗಿದ್ದೆ. ಎದ್ದಾಗ ಬಲಗಣ್ಣು ಸರಿಯಾಗಿ ಮುಚ್ಚುತ್ತಿರಲಿಲ್ಲ, ಬಾಯಿ ಎಡಕ್ಕೆ ಎಳೆದಿತ್ತು. ಸತ್ತ ಕಿವಿಯೊಳಗೆ ಹಿಟ್ಟಿನ ಗಿರಣಿ ಓಡುವಂಥ ಮೊರೆತ ಶುರುವಾಗಿತ್ತು. ಅದು ಈಗಲೂ ನಿಂತಿಲ್ಲ.

ಮನೆಗೆ ಬಂದಾಗ ಅಟ್ಟದಲ್ಲಿ ಉಳಿದಿದ್ದ ಕಾಯೆಲ್ಲ ಹಾಗೇ ಇದ್ದವು. “ವ್ಯಾಪಾರಿ ಬಂದು ಬಂದು ಹೋದ. ಅವ್ವ ಇಳಿಸಾಕೇ ಬಿಡ್ಲಿಲ್ಲ” ಎಂದರು ಯಜಮಾನರು.

ನಾನು ಗೋಡೆ ಹಿಡಿಯದೆ ನಡೆಯುವಂತಾದ ಮೇಲೆ ಅತ್ತೆ ಕಾಯಿ ಇಳಿಸಿ ಸುಲಿಸಿದರು. ಇಬ್ಬರೂ ಜಗಲಿಯ ಮೇಲೆ ಕೂತೆವು. ನಾನು ಮೊದಲ ಕಾಯನ್ನು ಅಭ್ಯಾಸಬಲದಿಂದ ಬಲಕ್ಕೇ ಒಯ್ದೆ. ಗಿರಣಿ ಬಿಟ್ಟರೆ ಏನಿಲ್ಲ. ಎಡಕ್ಕೆ ಹಿಡಿದೆ. ಆ ಮೊರೆತದ ನಡುವೆ ಕೇಳಿಸಿತೋ, ಕೇಳಿಸಿದ ಹಾಗೆ ಅನ್ನಿಸಿತೋ ಗೊತ್ತಾಗಲಿಲ್ಲ. ಮೂರು ನಾಲ್ಕು ಕಾಯಿ ನೋಡಿ ಕೆಳಗಿಟ್ಟೆ.

“ನನ್ ಕೈಲಿ ಆಗಲ್ಲ ಕಣತ್ತೆ” ಎಂದು ಅತ್ತುಬಿಟ್ಟೆ. ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ.

ಅತ್ತೆ ಬೀದಿಯ ಆ ಕಡೆ ಈ ಕಡೆ ನೋಡಿದರು. ನನ್ನ ಎಡಪಕ್ಕಕ್ಕೆ ಸರಿದು ಕೂತು, ಯಾವತ್ತೂ ಇಲ್ಲದ ಸಣ್ಣ ದನಿಯಲ್ಲಿ ಹೇಳಿದರು: “ಕಿವಿಗ್ಯಾಕೆ ಹಿಡೀತೀಯ? ಅಂಗೈಯಾಗಿಟ್ಕೊ.”

ಕಾಯನ್ನು ನನ್ನ ಅಂಗೈ ಮೇಲಿಟ್ಟು, ಕೆಳಗೆ ತಮ್ಮ ಕೈ ಕೊಟ್ಟು ಅಲ್ಲಾಡಿಸಿದರು. “ಬಡೀತಾ?”

ಬಡಿಯಿತು. ಚಿಪ್ಪಿನೊಳಗಿನಿಂದ ಕೊಬ್ಬರಿ ಮೆಲ್ಲಗೆ ಅಂಗೈಗೆ ಗುದ್ದಿತು.

“ನನ್ ಕಿವಿ ಮಂದವಾಗಿ ಎಷ್ಟೋ ವರ್ಸ ಆಯ್ತು ಕಣೇ. ಅಂಗೈಯಾಗೇ ನೋಡ್ತಿದೀನಿ. ಕಿವಿ ತಾವ ಹಿಡಿಯಾದು ನಿಮ್ಗೆ ತೋರ್ಸಾಕೆ. ನಿನ್ ಗಂಡನ್ ತಾವ ಬಾಯಿ ಬಿಟ್ಟೀಯ ಮತ್ತೆ.”

ಅಂದರೆ ಆ ದಿನ ಇದೇ ಜಗಲಿಯ ಮೇಲೆ ಇಬ್ಬರು ಕಿವುಡಿಯರು ಸದ್ದಿದೆ, ಸದ್ದಿಲ್ಲ ಎಂದು ಬೀದಿಗೆಲ್ಲ ಕೇಳುವ ಹಾಗೆ ಜಗಳವಾಡಿದ್ದೆವು. ನನಗೆ ನಗು ತಡೆಯಲಾಗಲಿಲ್ಲ. ಸೊಟ್ಟ ಬಾಯಿಯ ಆ ನಗುವನ್ನು ನೋಡಿ ಅವರೂ ನಕ್ಕರು. ಇನ್ನೊಂದು ಕಾಯನ್ನು ಅಂಗೈಯಲ್ಲಿಟ್ಟು ಅಲ್ಲಾಡಿಸಿದೆ.

“ಆಗೈತೆ ಅತ್ತೆ!” ಎಂದೆ, ಅವರ ಕಿವಿಗೆ ಬೀಳುವಷ್ಟು ಜೋರಾಗಿ.