ಚೀಟಿ ಕಿತ್ತ ಬಾಟ್ಲಿ

ಅಕ್ಕನಿಗೆ ನಾನು ಮೀನು ತಿನ್ನಿಸಿದೆ. ಸುಳ್ಳು ಹೇಳಿ, ಎದುರಿಗೆ ನಿಂತು, ನಗುತ್ತಾ ತಿನ್ನಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೂ — ಇಲ್ಲ, ನಿಲ್ಲಿಸಲಿಲ್ಲ. ಸತ್ತ ಅವಳ ಮಗನ ಎಡೆಗೂ ಅದನ್ನೇ ಇಡಿಸಿದೆ.

ಮೀನು ತಿಂದರೆ ಏನು ಮಹಾ ಅನ್ನುವವರಿಗೆ ಹೇಳುತ್ತೇನೆ. ಜಯಕ್ಕನ ಒಬ್ಬನೇ ಮಗ ಕಿರಣ ಬೈಕ್ ಸಮೇತ ನಾಲೆಗೆ ಬಿದ್ದ. ಸಿಕ್ಕಿದ್ದು ನಾಲ್ಕನೇ ದಿನ. ಮುಖ ಇರಲಿಲ್ಲ — ಮೀನು ತಿಂದಿದ್ದವು. ಯಾರು ತಡೆದರೂ ಕೇಳದೆ ಅಕ್ಕ ಬಟ್ಟೆ ಸರಿಸಿ ನೋಡಿದಳು. “ನನ್ ಮಗನ್ನ ತಿಂದವು. ಇನ್ ನಾನು ಅವನ್ನ ತಿನ್ನಾಕಾದದಾ?” ಅಂದಳು. ಅಷ್ಟೇ. ಕೋಳಿ ತಿನ್ನುತ್ತಾಳೆ, ಕುರಿ ತಿನ್ನುತ್ತಾಳೆ. ಮದ್ದೂರಿಗೆ ಬಂದರೆ ಮೀನು ಮಾರುವ ಬೀದಿ ಬಿಟ್ಟು ಸುತ್ತಿಕೊಂಡು ಹೋಗುತ್ತಾಳೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮದ್ದೂರಿನಲ್ಲಿ ಗೊಬ್ಬರ, ಔಷಧಿಯ ಅಂಗಡಿ ಇಟ್ಟಿದ್ದೇನೆ. ಕಂಪನಿಯವರು ನಮ್ಮಂಥ ಅಂಗಡಿಯವರನ್ನೆಲ್ಲ ಥಾಯ್ಲೆಂಡಿಗೆ ಕರೆದುಕೊಂಡು ಹೋದರು, ಜೊತೆಗೆ ಒಬ್ಬರು ಬರಬಹುದು ಅಂದರು. ನನ್ನ ಹೆಂಡತಿಗೆ ವಿಮಾನ ಅಂದರೆ ಭಯ. ಅಕ್ಕ ವೈದ್ಯನಾಥಪುರದ ಆ ಮನೆಯಿಂದ ನಾಲ್ಕು ದಿನ ಆಚೆ ಬರಲಿ ಅಂತ ಅವಳನ್ನು ಕರೆದೆ. ಒಳ್ಳೆ ಮನಸ್ಸಿನಿಂದಲೇ — ಬೇಡ, ಆ ಮಾತು ಇಲ್ಲಿ ಬೇಡ.

ಅಲ್ಲಿ ಊಟಕ್ಕೆ ಕೂತಾಗಲೆಲ್ಲ, ಪ್ರತಿ ತಟ್ಟೆ ತೋರಿಸಿ, ಇದರಲ್ಲಿ ಮೀನೈತಾ ಅಂತ ಕೇಳುತ್ತಿದ್ದಳು. ಮಳವಳ್ಳಿಯ ಅಂಗಡಿಯವನೊಬ್ಬ ಅವಳಿಗೆ ಮೀನಕ್ಕ ಅಂತ ಹೆಸರಿಟ್ಟ. ಬಸ್ಸಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ಮೇಲೆ ಬರಬೇಕಾದ ಸಿಟ್ಟು ನನಗೆ ಅಕ್ಕನ ಮೇಲೆ ಬಂತು. ಎಷ್ಟು ವರ್ಷ ಇವಳದು ಇದೇ ಗೋಳು ಅನ್ನಿಸಿತು. ಅನ್ನಿಸಿತು, ನಿಜ. ಬರೆಯುವಾಗ ಈ ಕೈ ಕಡಿದುಕೊಳ್ಳಬೇಕು ಅನ್ನಿಸುತ್ತದೆ.

ಕೊನೆಯ ದಿನ ಅಡುಗೆ ಕಲಿಸುವ ಕಡೆಗೆ ಕರೆದುಕೊಂಡು ಹೋದರು. ಸಾಲಾಗಿ ಒಲೆಗಳು, ಒಬ್ಬೊಬ್ಬರ ಮುಂದೆ ಒಂದು ಕಲ್ಲಿನ ಕುಟ್ಟಾಣಿ. ಮೆಣಸಿನಕಾಯಿ, ನಿಂಬೆ ವಾಸನೆಯ ಮಜ್ಜಿಗೆ ಹುಲ್ಲು, ಶುಂಠಿಯಂಥ ಒಂದು ಗೆಡ್ಡೆ ಹಾಕಿ ಕುಟ್ಟಬೇಕು. ಉಳಿದವರ ಕೈ ಸೋತಾಗ ಅಕ್ಕನದು ಬೆಣ್ಣೆಯಂತಾಗಿತ್ತು. ಕಲಿಸುವಾಕೆ, ಅಕ್ಕನದೇ ವಯಸ್ಸಿನವಳು, ಅಕ್ಕನ ಕೈ ಹಿಡಿದೆತ್ತಿ ಎಲ್ಲರಿಗೂ ತೋರಿಸಿದಳು. ಅಕ್ಕ ಆ ಮಳವಳ್ಳಿಯವನ ಕಡೆ ತಿರುಗಿ, “ಏನಣ್ಣ, ಇದ್ಕೂ ಮೆಸೀನು ತರಿಸ್ಬೇಕಾ ನಿಂಗೆ?” ಅಂದಳು. ಕಿರಣ ಹೋದ ಮೇಲೆ ಅವಳು ಇನ್ನೊಬ್ಬರನ್ನು ಛೇಡಿಸಿದ್ದು ನಾನು ಕೇಳಿದ್ದು ಅವತ್ತೇ.

ಆಗ ಬಾಟ್ಲಿ ಬಂತು. ಒಳಗೆ ಕಂದು ನೀರು, ಮೇಲೆ ಅಂಟಿಸಿದ ಚೀಟಿಯಲ್ಲಿ ಮೀನಿನ ಚಿತ್ರ. ನಮ್ಮ ಜೊತೆ ಬೆಂಗಳೂರಿಂದ ಬಂದಿದ್ದ ಕಂಪನಿಯ ಹುಡುಗಿ ನನ್ನ ಹತ್ತಿರ ಬಂದು, ಇದು ಮೀನನ್ನು ಉಪ್ಪಲ್ಲಿ ಕೊಳೆಹಾಕಿ ತೆಗೆದ ರಸ, ಆ ಅಮ್ಮನಿಗೆ ಬೇಡ ಅಂದರೆ ಬರೀ ಉಪ್ಪು ಹಾಕಿದರೂ ನಡೆಯುತ್ತದೆ ಅಂದಳು. ಅವಳಿಗೆ ಇದ್ದ ಕಾಳಜಿ ನನಗೆ ಇರಲಿಲ್ಲ. ಚಿತ್ರ ಕಾಣದ ಹಾಗೆ ಬಾಟ್ಲಿಯನ್ನು ಅಂಗೈಯಲ್ಲಿ ಹಿಡಿದುಕೊಂಡೆ.

“ಏನ್ಲಾ ಇದು, ಒಂಥರಾ ವಾಸ್ನೆ?”

“ಸೋಯಾ ಕಾಳಿನ ನೀರು ಕಣಕ್ಕ. ಉಯ್ಕೊ.”

ಹುಯ್ದುಕೊಂಡಳು. ಕೋಳಿ, ತೆಂಗಿನಹಾಲು ಹಾಕಿ ಬೇಯಿಸಿದಳು, ತಿಂದಳು, ಚೆನ್ನಾಗಿದೆ ಅಂದಳು. ಗೊತ್ತಿಲ್ಲದೆ ಆಡಿದ ಮಾತಲ್ಲ ನನ್ನದು. ಅವಳು ನುಂಗುವುದನ್ನು ನೋಡುತ್ತಾ ನಿಂತಿದ್ದೆ. ನೋಡು, ತಿಂದಳಲ್ಲ, ಏನೂ ಆಗಲಿಲ್ಲವಲ್ಲ ಅಂತ — ಒಳಗೇ ಗೆದ್ದವನ ಹಾಗೆ.

ಊರಿಗೂ ಬೇಕು ಅಂದಳು. ಎರಡು ಬಾಟ್ಲಿ ತಂದೆ. ಒಂದರ ಚೀಟಿಯನ್ನು ನೀರಲ್ಲಿ ನೆನೆಸಿ, ಉಗುರಿನಿಂದ ಕೆರೆದು ತೆಗೆದು ಅವಳಿಗೆ ಕೊಟ್ಟೆ. ಇನ್ನೊಂದನ್ನು ಅಂಗಡಿಯಲ್ಲಿ ಔಷಧಿ ಡಬ್ಬಗಳ ಹಿಂದೆ ಇಟ್ಟೆ.

ಆ ವರ್ಷ ಪಿತೃಪಕ್ಷಕ್ಕೆ ಹೋದರೆ, ಕಿರಣನ ಫೋಟೋ ಮುಂದಿನ ಎಲೆಯಲ್ಲಿ ಅದೇ ಅಡುಗೆ. ಹೊಸದು ಏನಿದ್ದರೂ ತಿನ್ನಬೇಕು ಅನ್ನುತ್ತಿದ್ದ ಹುಡುಗ, ಅವನಿಗಂತಲೇ ಕಲಿತು ಬಂದೆ ಅಂದಳು. ನನ್ನ ಕೈಗೆ ಗಂಧದಕಡ್ಡಿ ಕೊಟ್ಟಳು. ಬೆಳಗಿದೆ. ಅವನು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಅಕ್ಕ, ಭಾವ, ನಾನು ಜಗುಲಿಯ ಮೇಲೆ ಕೂತೆವು. ಬಾಗಿಲಿಗೆ ಚಿಲಕ ಕೂಡ ಹಾಕಿರಲಿಲ್ಲ. ಎದ್ದು ತಳ್ಳಿ, ಆ ಎಲೆ ತೆಗೆಯಬಹುದಿತ್ತು. ಕೂತೇ ಇದ್ದೆ. ಆಮೇಲೆ ಅಕ್ಕ ಒಳಗೆ ಹೋಗಿ ಎಲೆ ನೋಡಿ, “ಉಂಡವ್ನೆ ಕಣ್ಲಾ” ಅಂದಳು. ಕಣ್ಣು ಒರೆಸಿಕೊಂಡು, ಅದೇ ಎಲೆಯಿಂದ ನನಗೆ ಬಡಿಸಿದಳು. ತಿಂದೆ.

ಮಾರನೇ ವರ್ಷವೂ ತಿಂದೆ.

ಇದು ಮೂರನೇ ಪಕ್ಷ. ಮೊನ್ನೆ ಅಕ್ಕ ಫೋನ್ ಮಾಡಿ, ಸೋಯಾ ನೀರು ಮುಗಿದುಹೋಗಿದೆ, ಎಲ್ಲಾದರೂ ಹುಡುಕಿ ತಾ ಅಂದಳು. ಹ್ಞೂಂ ಅಕ್ಕ ಅಂದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ — ಆಗಲೂ ಹ್ಞೂಂ ಅಂದೆ. ಸಣ್ಣವನಿದ್ದಾಗ ನನ್ನನ್ನು ಸೊಂಟದ ಮೇಲಿಟ್ಟುಕೊಂಡು ಬೆಳೆಸಿದವಳು ಅವಳು. ಈ ತಮ್ಮ ಕೊಟ್ಟದ್ದು ಏನು ಅಂತ ಇವತ್ತಿಗೂ ನೋಡುವುದಿಲ್ಲ, ನಂಬಿ ಹುಯ್ದುಕೊಳ್ಳುತ್ತಾಳೆ.

ಬಾಯಿಂದ ಹೊರಟರೆ ಮತ್ತೆ ಸುಳ್ಳೇ ಹೊರಡುತ್ತದೆ ಅಂತ ಮೊದಲು ಇದನ್ನು ಬರೆದೆ. ಅಕ್ಕನಿಗೆ ಓದು ಬಾರದು, ನಾನೇ ಓದಿ ಹೇಳಬೇಕು. ನಾಳೆ ಬೆಳಿಗ್ಗೆ ಅಂಗಡಿ ತೆಗೆಯುವುದಿಲ್ಲ. ಡಬ್ಬಗಳ ಹಿಂದಿನ ಆ ಇನ್ನೊಂದು ಬಾಟ್ಲಿ ತೆಗೆದುಕೊಂಡು ವೈದ್ಯನಾಥಪುರಕ್ಕೆ ಹೋಗುತ್ತೇನೆ. ಎಡೆಗೆ ಇನ್ನೂ ಮೂರು ದಿನವಿದೆ. ಅದರ ಚೀಟಿ ಹಾಗೇ ಇದೆ. ಮೀನಿನ ಚಿತ್ರ ಅವಳ ಕಡೆಗೆ ತಿರುಗಿಸಿ, ಅವಳ ಕೈಗೇ ಕೊಡುತ್ತೇನೆ.